ವಾರ್ಡ್ ಅಭ್ಯರ್ಥಿಯ ಹಿನ್ನೆಲೆ ಪರಿಶೀಲಿಸುವುದು ಹೇಗೆ? ಅಫಿಡವಿಟ್‌ನಿಂದ ಕೋರ್ಟ್ ದಾಖಲೆವರೆಗೆ ಹಂತ ಹಂತವಾಗಿ

ಪಾಲಿಕೆ ಚುನಾವಣೆ ಬಂದರೆ ತುಂಬಾ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಅಭ್ಯರ್ಥಿಯ ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ. ಹಾರ ಹಾಕಿಸಿಕೊಂಡ ನಾಲ್ಕು ಫೋಟೊ, ಹುಟ್ಟುಹಬ್ಬದ ಎರಡು ಫ್ಲೆಕ್ಸ್, ಒಂದು ಫೇಸ್‌ಬುಕ್ ಪುಟ ಸಿಗುತ್ತದೆ. ಅಲ್ಲಿಗೆ ಸುಸ್ತಾಗಿ, ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದನ್ನೇ ನಂಬಿಬಿಡುತ್ತಾರೆ.

ದಾಖಲೆಗಳು ಇವೆ, ಹೆಚ್ಚಿನವು ಪುಕ್ಕಟೆಯಾಗಿಯೇ ಸಿಗುತ್ತವೆ. ಆದರೆ ಹುಡುಕುವ ಕ್ರಮ ಸರಿ ಇರಬೇಕು. ಅಭ್ಯರ್ಥಿ ನಾಮಪತ್ರದ ಜತೆ ತಾನೇ ಸಹಿ ಹಾಕಿ ಕೊಟ್ಟ ಅಫಿಡವಿಟ್, ಅಂದರೆ ಪ್ರಮಾಣಪತ್ರ, ಮೊದಲು. ಅದರ ಒಂದೊಂದು ಸಾಲನ್ನೂ ಬೇರೆ ಸರ್ಕಾರಿ ದಾಖಲೆಯ ಜತೆ ತಾಳೆ ನೋಡುವುದು ಆಮೇಲೆ. ಪೇಪರ್ ಸುದ್ದಿ, ಊರಿನ ಮಾತು ಕೊನೆಗೆ. ಈ ಬರಹ ಕರ್ನಾಟಕದ ಮಹಾನಗರ ಪಾಲಿಕೆಗಳನ್ನು ಇಟ್ಟುಕೊಂಡು ಬರೆದದ್ದು. ನಗರಸಭೆ, ಪುರಸಭೆಗೂ ಬಹುಪಾಲು ಇದೇ ದಾರಿ.

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಕಂಪ್ಯೂಟರ್ ಇದ್ದರೆ ಒಳ್ಳೆಯದು. ಮೊಬೈಲ್‌ನಲ್ಲೂ ಆಗುತ್ತದೆ, ಆದರೆ ಕೋರ್ಟ್ ವೆಬ್‌ಸೈಟಿನ ಕ್ಯಾಪ್ಚಾ ಸಣ್ಣ ಪರದೆಯಲ್ಲಿ ಪ್ರಾಣ ತಿನ್ನುತ್ತದೆ. ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್ ಇಟ್ಟುಕೊಳ್ಳಿ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಹಾಳೆ. ಪ್ರತಿ ಮಾಹಿತಿಯ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದಿರಿ ಅಂತ ಬರೆಯಬೇಕು. ಕೋರ್ಟ್ ಕೇಸಿನ ಸ್ಥಿತಿ ವಾರದಲ್ಲಿ ಬದಲಾಗಬಹುದು. ದಿನಾಂಕ ಇಲ್ಲದ ಸ್ಕ್ರೀನ್‌ಶಾಟ್‌ಗೆ ಬೆಲೆ ಇಲ್ಲ.

## ಹಂತ 1: ಸರಿಯಾದ ಆಯೋಗ, ಸರಿಯಾದ ವಾರ್ಡ್

ಅತಿ ಸಾಮಾನ್ಯ ತಪ್ಪು ಇಲ್ಲೇ ಆಗುವುದು. ಭಾರತ ಚುನಾವಣಾ ಆಯೋಗ ಬೇರೆ, ರಾಜ್ಯ ಚುನಾವಣಾ ಆಯೋಗ ಬೇರೆ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಮೊದಲನೆಯದು. ಪಾಲಿಕೆ, ನಗರಸಭೆ, ಪಂಚಾಯಿತಿ ಚುನಾವಣೆ ನಡೆಸುವುದು ಎರಡನೆಯದು. ದೆಹಲಿಯ ಆಯೋಗದ ಆ್ಯಪ್‌ನಲ್ಲಿ ವಾರ್ಡ್ ಅಭ್ಯರ್ಥಿಯನ್ನು ಹುಡುಕಿ, 'ಮಾಹಿತಿಯೇ ಹಾಕಿಲ್ಲ, ಮುಚ್ಚಿಟ್ಟಿದ್ದಾರೆ' ಅಂತ ಗಲಾಟೆ ಮಾಡುವವರು ಪ್ರತಿ ಸಲ ಇರುತ್ತಾರೆ. ನೀವು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಚುನಾವಣಾ ಆಯೋಗದ ವೆಬ್‌ಸೈಟಿಗೆ.

ಮೈನೇತಾ ಅನ್ನುವ ತಾಣ ಅನೇಕರಿಗೆ ಗೊತ್ತು. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ನಡೆಸುತ್ತದೆ. ಅಲ್ಲಿ ಸಂಸದರು, ಶಾಸಕರ ವಿವರ ಜಾಸ್ತಿ. ಪಾಲಿಕೆ ಚುನಾವಣೆಗಳದ್ದು ಕೆಲವಷ್ಟೇ. ಹಳೆಯ ಅಫಿಡವಿಟ್ ಹುಡುಕಲು ಉಪಯೋಗಕ್ಕೆ ಬರುತ್ತದೆ.

ವಾರ್ಡ್ ನಂಬರನ್ನೂ ನಂಬಬೇಡಿ. ಬೆಂಗಳೂರಲ್ಲಿ 2015ರ ಚುನಾವಣೆ ನಡೆದದ್ದು 198 ವಾರ್ಡಿಗೆ. ಆಮೇಲೆ 243 ಮಾಡಿದರು, ಆಮೇಲೆ 225 ಅಂದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಹೀಗಿರುವಾಗ ಹಳೆಯ 60ನೇ ವಾರ್ಡಿನ ಸುದ್ದಿಯನ್ನು ಹೊಸ 60ನೇ ವಾರ್ಡಿಗೆ ಅಂಟಿಸಿದರೆ ಯಾರದೋ ಪಾಪ ಯಾರದೋ ತಲೆಗೆ. ವಾರ್ಡಿನ ಹೆಸರು ಮತ್ತು ಗಡಿ ನೋಡಿ ಗುರುತು ಹಿಡಿಯಿರಿ.

## ಹಂತ 2: ಅಫಿಡವಿಟ್ ಕೈಗೆ ತೆಗೆದುಕೊಳ್ಳಿ

2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಈ ಪದ್ಧತಿ ಬಂತು. ನಮ್ಮ ರಾಜ್ಯ ಚುನಾವಣಾ ಆಯೋಗ 2003ರ ಜುಲೈನಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಅದನ್ನು ತಂದಿತು. ಅಭ್ಯರ್ಥಿ ಐದು ವಿಷಯ ಹೇಳಲೇಬೇಕು: ಹಿಂದಿನ ಶಿಕ್ಷೆ ಅಥವಾ ಖುಲಾಸೆ, ಬಾಕಿ ಇರುವ ಕ್ರಿಮಿನಲ್ ಕೇಸು, ತನ್ನ ಮತ್ತು ಸಂಗಾತಿ ಹಾಗೂ ಅವಲಂಬಿತರ ಆಸ್ತಿ, ಸರ್ಕಾರಕ್ಕೂ ಬ್ಯಾಂಕಿಗೂ ಇರುವ ಬಾಕಿ, ವಿದ್ಯಾರ್ಹತೆ.

ವೆಬ್‌ಸೈಟಿನಲ್ಲಿ ಸಿಗದಿದ್ದರೆ ಆ ವಾರ್ಡಿನ ಚುನಾವಣಾಧಿಕಾರಿ ಕಚೇರಿಗೆ ಹೋಗಿ ಕೇಳಿ. ನಾಮಪತ್ರ ಸಲ್ಲಿಸುವ ದಿನಗಳಲ್ಲೇ ಓಡಾಡಬೇಕಿಲ್ಲ. ವಾಪಸ್ ಪಡೆಯುವ ದಿನ ಮುಗಿದು ಅಂತಿಮ ಪಟ್ಟಿ ಬರಲಿ. ಇಲ್ಲದಿದ್ದರೆ ಕಣದಿಂದ ಹಿಂದೆ ಸರಿಯುವ ಡಮ್ಮಿ ಅಭ್ಯರ್ಥಿಗಳ ಹಾಳೆಗಳನ್ನೆಲ್ಲ ಸುಮ್ನೆ ಓದಿದಂತಾಗುತ್ತದೆ.

ಅಫಿಡವಿಟ್‌ನ ಪ್ರತಿ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಖಾಲಿ ಜಾಗ. ಯಾವ ಕಾಲಂ ಕೂಡ ಖಾಲಿ ಇರಬಾರದು. ಏನೂ ಇಲ್ಲದಿದ್ದರೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಅಂತ ಬರೆಯಬೇಕು. ಖಾಲಿ ಬಿಟ್ಟು, ಹೇಳಿದ ಮೇಲೂ ತುಂಬದ ನಾಮಪತ್ರವನ್ನು ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಬರೀ ಒಂದು ಗೆರೆ ಎಳೆದು ಬಿಟ್ಟಿದ್ದರೆ ಆ ಕಾಲಂಗೆ ಗುರುತು ಹಾಕಿಕೊಳ್ಳಿ. ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

## ಹಂತ 3: ಗುರುತಿನ ಹಾಳೆ ಮಾಡಿ

ಈ ಹಂತ ಬಿಟ್ಟು ಮುಂದೆ ಹೋದವರೇ ಯಾರದೋ ಕೇಸನ್ನು ತಪ್ಪು ಮನುಷ್ಯನ ತಲೆಗೆ ಕಟ್ಟಿಬಿಡುತ್ತಾರೆ. ಅಭ್ಯರ್ಥಿಯ ಹೆಸರು ಮಂಜುನಾಥ ಅಂತಿಟ್ಟುಕೊಳ್ಳಿ. ಕೋರ್ಟ್ ದಾಖಲೆಯಲ್ಲಿ ಆ ಹೆಸರಿನವರು ಊರಿಗೆ ನೂರು ಜನ.

ಹಾಳೆಯಲ್ಲಿ ಬರೆದುಕೊಳ್ಳಿ: ಪೂರ್ತಿ ಹೆಸರು, ಇನಿಷಿಯಲ್, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಈಗಿನ ವಿಳಾಸ, ಹಳೆಯ ವಿಳಾಸ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ. ಮತದಾರರ ಪಟ್ಟಿಯಲ್ಲಿ ಮನೆ ನಂಬರ್, ಸಂಬಂಧಿಯ ಹೆಸರು ಎರಡೂ ಇರುತ್ತವೆ, ತಾಳೆ ನೋಡಲು ಅನುಕೂಲ.

ಆಮೇಲೆ ಇಂಗ್ಲಿಷ್ ಕಾಗುಣಿತಗಳ ಪಟ್ಟಿ. ಕೋರ್ಟ್ ವೆಬ್‌ಸೈಟುಗಳಲ್ಲಿ ಹೆಸರು ಹೆಚ್ಚಾಗಿ ಇಂಗ್ಲಿಷ್‌ನಲ್ಲಿರುತ್ತದೆ. ಮಂಜುನಾಥ ಅನ್ನುವುದಕ್ಕೆ ಕೊನೆಯಲ್ಲಿ 'ಎ' ಇದ್ದೂ ಹುಡುಕಿ, ಇಲ್ಲದೆಯೂ ಹುಡುಕಿ. ಗೌಡ ಅನ್ನುವುದಕ್ಕೆ ಎರಡು ಬಗೆ, ಲಕ್ಷ್ಮಿಗೆ ಎರಡು ಬಗೆ, ಶಿವಕುಮಾರ್ ಒಟ್ಟಿಗೆ ಒಮ್ಮೆ, ಬಿಡಿಸಿ ಒಮ್ಮೆ. ಪೊಲೀಸ್ ದಾಖಲೆಯಲ್ಲಿ ಅಡ್ಡಹೆಸರನ್ನು 'ಅಟ್' ಚಿಹ್ನೆ ಹಾಕಿ ಬರೆಯುವ ರೂಢಿ ಇದೆ: ಮಂಜುನಾಥ, ಆಮೇಲೆ ಆ ಚಿಹ್ನೆ, ಆಮೇಲೆ ಮಂಜ. ಏರಿಯಾದಲ್ಲಿ ಕರೆಯುವ ಹೆಸರು ಗೊತ್ತಿದ್ದರೆ ಅದನ್ನೂ ಬರೆದಿಡಿ.

ನಿಯಮ ಒಂದೇ. ತಂದೆಯ ಹೆಸರು, ವಯಸ್ಸು, ವಿಳಾಸ, ಈ ಮೂರರಲ್ಲಿ ಎರಡಾದರೂ ಹೊಂದಬೇಕು. ಇಲ್ಲದಿದ್ದರೆ ಆ ಕೇಸು ನಿಮ್ಮ ಹಾಳೆಗೆ ಸೇರಬಾರದು, ಎಷ್ಟೇ ಅನುಮಾನ ಇದ್ದರೂ.

ಇನ್ನೊಂದು ಮಾತು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲು. ಮೀಸಲಾತಿ ಬದಲಾದಾಗ ಹಳೆಯ ಸದಸ್ಯರ ಪತ್ನಿ, ತಾಯಿ ಅಥವಾ ಸೊಸೆ ಕಣಕ್ಕಿಳಿಯುವುದು ಎಲ್ಲರೂ ಕಂಡಿರುವ ವಿಷಯ. ಫ್ಲೆಕ್ಸ್‌ನಲ್ಲಿ ಗಂಡನ ಫೋಟೊ ಹೆಂಡತಿಯದಕ್ಕಿಂತ ದೊಡ್ಡದಿದ್ದರೆ ಅವನಿಗೂ ಒಂದು ಹಾಳೆ ತೆಗೆಯಿರಿ. ಹಾಗಂತ ಗಂಡನ ಕೇಸನ್ನು ಹೆಂಡತಿಯ ಹೆಸರಿಗೆ ಬರೆಯುವುದು ಅನ್ಯಾಯ. ಎರಡು ಹಾಳೆ, ಎರಡು ಲೆಕ್ಕ.

## ಹಂತ 4: ಕ್ರಿಮಿನಲ್ ಕೇಸುಗಳು

ಮೊದಲು ಅಫಿಡವಿಟ್‌ನಲ್ಲಿ ಹೇಳಿಕೊಂಡ ಕೇಸುಗಳನ್ನು ತೆಗೆದುಕೊಳ್ಳಿ. ಕೋರ್ಟಿನ ಹೆಸರು, ಕೇಸ್ ನಂಬರ್, ವರ್ಷ ಇರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಆ ನಂಬರ್ ಹಾಕಿ. ಕೇಸಿನ ಪೂರ್ತಿ ಚರಿತ್ರೆ ತೆರೆಯುತ್ತದೆ: ಯಾವ ಸೆಕ್ಷನ್, ಎಫ್‌ಐಆರ್ ನಂಬರ್, ಠಾಣೆ, ಮುಂದಿನ ದಿನಾಂಕ. ಅಲ್ಲೇ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ತಪ್ಪದೆ ಬರೆದುಕೊಳ್ಳಿ. ಮುಂದಿನ ಸಲ ಅದೊಂದೇ ಸಾಕು.

ಆಮೇಲೆ ಹೇಳದೆ ಬಿಟ್ಟವನ್ನು ಹುಡುಕುವ ಕೆಲಸ. ಅದೇ ತಾಣದಲ್ಲಿ ಪಾರ್ಟಿ ಹೆಸರಿನ ಹುಡುಕಾಟ ಇದೆ. ವರ್ಷ ಒಂದೊಂದಾಗಿ ಹಾಕಬೇಕು. ಬಾಕಿ ಇರುವುದು, ಮುಗಿದಿರುವುದು ಎರಡನ್ನೂ ನೋಡಬೇಕು. ಬೇಸರದ ಕೆಲಸವೇ. ಅಭ್ಯರ್ಥಿ ಹಿಂದೆ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯೂ ಹುಡುಕಿ. ಹೈಕೋರ್ಟ್‌ನದ್ದು ಬೇರೆ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಪೀಠ ನೋಡಿ. ಕೆಳಗಿನ ಕೋರ್ಟಿನ ಕೇಸಿಗೆ ಹೈಕೋರ್ಟ್ ತಡೆ ಕೊಟ್ಟಿದ್ದರೆ ಅದು ಗೊತ್ತಾಗುವುದು ಇಲ್ಲೇ.

### ಕೇಸು ಯಾವ ಹಂತದಲ್ಲಿದೆ?

ಇದನ್ನು ಅರ್ಥ ಮಾಡಿಕೊಳ್ಳದೆ ಇದ್ದರೆ ಉಳಿದದ್ದೆಲ್ಲ ವ್ಯರ್ಥ. ಎಫ್‌ಐಆರ್ ಅಂದರೆ ದೂರು ದಾಖಲಾಗಿದೆ, ಅಷ್ಟೇ. ತನಿಖೆ ಮುಗಿದು ಚಾರ್ಜ್‌ಶೀಟ್ ಬರಬಹುದು, ಅಥವಾ ಪೊಲೀಸರು 'ಬಿ ರಿಪೋರ್ಟ್' ಹಾಕಿ ಕೇಸು ಮುಚ್ಚಬಹುದು. ಚಾರ್ಜ್‌ಶೀಟ್ ಆದ ಮೇಲೆ ಕೋರ್ಟ್ ಅದನ್ನು ವಿಚಾರಣೆಗೆ ಪರಿಗಣಿಸಬೇಕು, ಆಮೇಲೆ ಆರೋಪ ನಿಗದಿ ಮಾಡಬೇಕು, ಆಮೇಲೆ ಸಾಕ್ಷಿ, ಕೊನೆಗೆ ತೀರ್ಪು.

ಸುಪ್ರೀಂ ಕೋರ್ಟ್‌ನ 2002ರ ತೀರ್ಪು ಕೇಳಿದ್ದು ಎಲ್ಲ ಕೇಸನ್ನೂ ಅಲ್ಲ. ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆಗಬಹುದಾದ, ನಾಮಪತ್ರಕ್ಕೆ ಆರು ತಿಂಗಳ ಮುಂಚೆಯೇ ಆರೋಪ ನಿಗದಿಯಾದ ಅಥವಾ ಕೋರ್ಟ್ ಪರಿಗಣಿಸಿದ ಕೇಸುಗಳು. ಹೋದ ತಿಂಗಳ ಎಫ್‌ಐಆರ್ ಅಫಿಡವಿಟ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ 'ಸುಳ್ಳು ಪ್ರಮಾಣ' ಆಗುವುದಿಲ್ಲ. ನಿಮ್ಮ ಕೈಲಿರುವ ನಮೂನೆಯ ಪ್ರಶ್ನೆ ಏನಿದೆ ಅಂತ ಓದಿ, ಆಮೇಲೆ ತೀರ್ಮಾನಿಸಿ. ಆದರೆ ಹೇಳಲೇಬೇಕಾದ ಕೇಸನ್ನು ಮುಚ್ಚಿಟ್ಟರೆ ಅದು ಚುನಾವಣಾ ಭ್ರಷ್ಟಾಚಾರ ಎಂದು ತಮಿಳುನಾಡಿನ ಒಂದು ಪಂಚಾಯಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

### ಯಾವ ಸೆಕ್ಷನ್?

2024ರ ಜುಲೈ 1ಕ್ಕಿಂತ ಮುಂಚಿನ ಕೃತ್ಯಕ್ಕೆ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ನಂಬರ್ ಇರುತ್ತದೆ, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯದು. ವಂಚನೆಯ 420 ಈಗ 318(4) ಆಗಿದೆ. ಕೊಲೆ ಯತ್ನದ 307 ಈಗ 109. ಹಳೆಯ ನಂಬರನ್ನು ಹೊಸ ಪುಸ್ತಕದಲ್ಲಿ ನೋಡಿ ಗಾಬರಿ ಬೀಳಬೇಡಿ.

ಕೇಸುಗಳ ಸಂಖ್ಯೆ ಎಣಿಸುವುದರಲ್ಲಿ ಅರ್ಥ ಕಡಿಮೆ. ಕಸದ ಸಮಸ್ಯೆಗೋ ನೀರಿಗೋ ರಸ್ತೆ ತಡೆದವರ ಮೇಲೆ ಅಕ್ರಮ ಕೂಟ, ಅಡ್ಡಗಟ್ಟುವಿಕೆ ಅಂತ ಐದಾರು ಕೇಸು ಬಿದ್ದಿರುತ್ತವೆ. ಒಂದೇ ಒಂದು ಕೇಸಿರುವವನ ಮೇಲೆ ಇರುವುದು ನಕಲಿ ದಾಖಲೆ ಸೃಷ್ಟಿಸಿ ಸೈಟು ಮಾರಿದ ಆರೋಪ. ವಾರ್ಡಿನ ದುಡ್ಡು ಯಾರ ಕೈಗೆ ಕೊಡುತ್ತೀರಿ ಅಂತ ಯೋಚಿಸುವಾಗ ನನ್ನ ಲೆಕ್ಕದಲ್ಲಿ ಎರಡನೆಯದೇ ಭಾರ. ಚೆಕ್ ಬೌನ್ಸ್ ಕೇಸುಗಳನ್ನೂ ಹಗುರವಾಗಿ ಬಿಡಬೇಡಿ. ಒಂದಿದ್ದರೆ ವ್ಯವಹಾರದ ಏರುಪೇರು ಇರಬಹುದು. ಸಾಲಾಗಿ ಇದ್ದರೆ ಸಾಲ ಕೊಟ್ಟವರ ಕಾಟ ಇದೆ ಅಂತ.

ಖುಲಾಸೆ ಆಗಿದ್ದರೆ ತೀರ್ಪಿನ ಪ್ರತಿ ಅಲ್ಲೇ ಸಿಗುತ್ತದಾ ನೋಡಿ. ದೂರುದಾರರೇ ರಾಜಿ ಆದರಾ, ಸಾಕ್ಷಿಗಳು ತಿರುಗಿಬಿದ್ದರಾ, ಆರೋಪವೇ ಸುಳ್ಳು ಅಂತ ಕೋರ್ಟ್ ಹೇಳಿತಾ? ಮೂರಕ್ಕೂ ವ್ಯತ್ಯಾಸ ಇದೆ. ಆದರೆ ಕಾನೂನಿನ ಕಣ್ಣಲ್ಲಿ ಮೂರೂ ಖುಲಾಸೆಯೇ, ಹಾಗೆಯೇ ಬರೆಯಿರಿ. 'ರೌಡಿ ಶೀಟರ್' ಅನ್ನುವ ಮಾತು ಮಾತ್ರ ಹುಷಾರು. ರೌಡಿ ಶೀಟ್ ಠಾಣೆಯ ಒಳಗಿನ ದಾಖಲೆ, ಶಿಕ್ಷೆಯಲ್ಲ. ಯಾರೋ ಹೇಳಿದರು ಅಂತ ಹಾಳೆಗೆ ಹಾಕಬೇಡಿ.

## ಹಂತ 5: ಆಸ್ತಿ ವಿವರ

ಎಲ್ಲರೂ ನೋಡುವುದು ಒಟ್ಟು ಮೊತ್ತ. ಅದು ಎಲ್ಲಕ್ಕಿಂತ ಕಡಿಮೆ ಉಪಯೋಗದ ಅಂಕಿ. ನಗರದ ಅಂಚಿನಲ್ಲಿ ಅಜ್ಜನ ಜಮೀನು ಇದ್ದವರು ಏನೂ ಮಾಡದೆ ಕೋಟ್ಯಧಿಪತಿ ಆಗಿರುತ್ತಾರೆ. ನೋಡಬೇಕಾದದ್ದು ಏನು ಹೊಸದಾಗಿ ಬಂತು, ಯಾವ ದುಡ್ಡಿನಿಂದ ಬಂತು ಅನ್ನುವುದು.

ಕೃಷಿ ಜಮೀನು ಇದ್ದರೆ ಸರ್ವೆ ನಂಬರ್ ಕೊಟ್ಟಿರುತ್ತಾರೆ. ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಆರಿಸಿದರೆ ಪಹಣಿ ಕಾಣುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 10ರಲ್ಲಿ ಅದು ಹೇಗೆ ಬಂತು ಅನ್ನುವುದು: ಕ್ರಯವೋ, ಪೌತಿಯೋ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ವಿಭಾಗವೋ, ಜತೆಗೆ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆ ವಹಿಯ ಸಂಖ್ಯೆ. 11ರಲ್ಲಿ ಸಾಲ, ಋಣ. ಅಫಿಡವಿಟ್‌ನಲ್ಲಿ 'ಪಿತ್ರಾರ್ಜಿತ' ಅಂತ ಬರೆದು, 10ನೇ ಕಾಲಂನಲ್ಲಿ ಮೂರು ವರ್ಷದ ಹಿಂದಿನ ಕ್ರಯ ಇದ್ದರೆ ಅಲ್ಲಿ ಪ್ರಶ್ನೆ ಇದೆ. ಬ್ಯಾಂಕ್ ಸಾಲ ಪಹಣಿಯಲ್ಲಿದ್ದು ಅಫಿಡವಿಟ್‌ನಲ್ಲಿ ಇಲ್ಲದಿದ್ದರೆ ಅದನ್ನೂ ಗುರುತು ಹಾಕಿ. ಸಾಲ ತೀರಿಸಿಯೂ ಪಹಣಿಯಿಂದ ತೆಗೆಸದೆ ಬಿಟ್ಟಿರುವವರು ಬೇಕಾದಷ್ಟು ಜನ, ಆದ್ದರಿಂದ ಇದು ಕೇಳಬೇಕಾದ ಪ್ರಶ್ನೆ ಅಷ್ಟೇ.

ಸೈಟು, ಮನೆಗೆ ಕಾವೇರಿ ತಾಣದಲ್ಲಿ ಲಾಗಿನ್ ಆಗಿ ಋಣಭಾರ ಪತ್ರ, ಅಂದರೆ ಇಸಿ ತೆಗೆಯಬಹುದು. 2004ರ ಏಪ್ರಿಲ್ ನಂತರದ ನೋಂದಣಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದಕ್ಕೂ ಹಳೆಯದು ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇಸಿಯಲ್ಲಿ ಕ್ರಯ, ದಾನ, ಅಡಮಾನ ಎಲ್ಲ ದಿನಾಂಕದ ಜತೆ ಬರುತ್ತವೆ. ಚುನಾವಣೆಗೆ ಸ್ವಲ್ಪ ಮುಂಚೆ ತಮ್ಮನಿಗೋ ಮೈದುನನಿಗೋ ದಾನಪತ್ರ ಆಗಿದ್ದರೆ ಕಣ್ಣಿಗೆ ಬೀಳುತ್ತದೆ.

ಚಿನ್ನದ ಲೆಕ್ಕ ಒಂದು ನಿಮಿಷದ ಕೆಲಸ. ಬರೆದಿರುವ ಬೆಲೆಯನ್ನು ಗ್ರಾಂನಿಂದ ಭಾಗಿಸಿ. ಬಂದ ದರ ಹತ್ತು ವರ್ಷದ ಹಿಂದಿನದಾಗಿದ್ದರೆ ಹಳೆಯ ಅಫಿಡವಿಟ್‌ನಿಂದ ನಕಲು ಮಾಡಿದ್ದಾರೆ ಅಂತ. ಹಾಗಾದರೆ ಉಳಿದ ಕಾಲಂಗಳನ್ನೂ ಹೊಸದಾಗಿ ತುಂಬಿರುವುದು ಅನುಮಾನ.

ಸಂಗಾತಿಯ ಕಾಲಂ ಮೇಲೆ ವಿಶೇಷ ಗಮನ ಇರಲಿ. 2018ರಲ್ಲಿ ಮೈಸೂರು ಮಹಾನಗರ ಪಾಲಿಕೆಗೆ ಗೆದ್ದ ಒಬ್ಬ ಸದಸ್ಯೆ ಪತಿಯ ಆಸ್ತಿಯ ನಿಜ ವಿವರ ಕೊಟ್ಟಿಲ್ಲ ಎಂದು ಆಯ್ಕೆಯೇ ರದ್ದಾಯಿತು. ನಡುವೆ ಅವರು ಮೇಯರ್ ಕೂಡ ಆಗಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ಹಾಗಂತ ಪ್ರತಿಯೊಂದು ಸಣ್ಣ ವಸ್ತುವನ್ನೂ ಬರೆಯಬೇಕಿಲ್ಲ. ಶಾಸಕರೊಬ್ಬರ ಪ್ರಕರಣದಲ್ಲಿ 2024ರಲ್ಲಿ ಅದೇ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹಳೆಯ ಸ್ಕೂಟರ್ ಬಿಟ್ಟುಹೋದದ್ದಕ್ಕೆ ಕುಣಿಯಬೇಡಿ. ಮೂರು ಸೈಟು ಬಿಟ್ಟುಹೋದರೆ ಕೇಳಿ.

ವಿದ್ಯಾರ್ಹತೆ ಬಗ್ಗೆ ಒಂದೇ ಮಾತು: 'ಬಿ.ಎ. ವ್ಯಾಸಂಗ' ಅಂದರೆ ಪಾಸಾಗಿದ್ದಾರೆ ಅಂತಲ್ಲ. ವಾರ್ಡ್ ಕೆಲಸಕ್ಕೆ ಡಿಗ್ರಿ ಬೇಕಾಗೂ ಇಲ್ಲ. ಸುಳ್ಳು ಹೇಳಿದ್ದರೆ ಮಾತ್ರ ಅದು ವಿಷಯ.

## ಹಂತ 6: ಗುತ್ತಿಗೆ ಮತ್ತು ಕಂಪನಿ ನಂಟು

ಪಾಲಿಕೆಯ ಕಾಮಗಾರಿಯಲ್ಲಿ ಪಾಲು ಇಟ್ಟುಕೊಂಡವರು ಸದಸ್ಯರಾಗುವಂತಿಲ್ಲ ಎಂದು 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಹೇಳುತ್ತದೆ. ಅದಕ್ಕೇ ಗುತ್ತಿಗೆ ಸ್ವಂತ ಹೆಸರಲ್ಲಿ ಇರುವುದು ಅಪರೂಪ. ಅಣ್ಣ, ಬಾಮೈದ, ಅಳಿಯ, ಇಲ್ಲವೇ ಹಳೆಯ ಕಾರ್ ಡ್ರೈವರ್ ಹೆಸರಲ್ಲಿ ಇರುತ್ತದೆ.

ಇದಕ್ಕೆ ಬೀದಿಯಿಂದ ಶುರು ಮಾಡಿ. ವಾರ್ಡಿನಲ್ಲಿ ಚರಂಡಿ, ರಸ್ತೆ ಕೆಲಸ ನಡೆದ ಕಡೆ ಫಲಕ ಇದ್ದರೆ ಫೋಟೊ ತೆಗೆಯಿರಿ. ಗುತ್ತಿಗೆದಾರರ ಹೆಸರು, ಮೊತ್ತ ಅದರ ಮೇಲಿರುತ್ತದೆ. ಆ ಹೆಸರನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನ ಟೆಂಡರ್ ವಿವರದ ಜತೆ ನೋಡಿ. ಅದು ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ತಾಣದಲ್ಲಿ ನಿರ್ದೇಶಕರ ಹೆಸರು ಹುಡುಕಿ. ಬಡಾವಣೆ, ಅಪಾರ್ಟ್‌ಮೆಂಟ್ ಕಟ್ಟುವವರಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ತಾಣದಲ್ಲಿ ಯೋಜನೆ ಮತ್ತು ಅದರ ಮೇಲಿನ ದೂರುಗಳು ಇರುತ್ತವೆ. ರಿಯಲ್ ಎಸ್ಟೇಟ್‌ನವರು ಪಾಲಿಕೆಗೆ ನಿಲ್ಲುವುದು ಜಾಸ್ತಿ, ಹಾಗಾಗಿ ರೇರಾ ನೋಡದೆ ಬಿಡಬೇಡಿ.

ಮನೆತನದ ಹೆಸರು ಒಂದೇ ಅಂದ ಮಾತ್ರಕ್ಕೆ ಸಂಬಂಧಿ ಆಗುವುದಿಲ್ಲ. ವಿಳಾಸ ಒಂದೇ ಇದೆಯಾ, ತಂದೆಯ ಹೆಸರು ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟುಬಿಡಿ.

## ಹಂತ 7: ಹಿಂದೆ ಸದಸ್ಯರಾಗಿದ್ದರೆ

ಹಳೆಯ ಅಫಿಡವಿಟ್, ಹೊಸ ಅಫಿಡವಿಟ್ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿ. ಹಳೆಯದರಲ್ಲಿದ್ದ ಆಸ್ತಿ ಮಾಯವಾಗಿದ್ದರೆ ಅದು ಹೊಸದಾಗಿ ಬಂದ ಆಸ್ತಿಯಷ್ಟೇ ಮುಖ್ಯ. ಪಾಲಿಕೆ ಸದಸ್ಯರು ಪ್ರತಿ ವರ್ಷ ಮೇಯರ್‌ಗೆ ಆಸ್ತಿ ವಿವರ ಕೊಡಬೇಕೆಂದೂ 1976ರ ಕಾಯ್ದೆಯಲ್ಲಿದೆ. ಕೊಟ್ಟಿದ್ದರಾ ಅಂತ ಕೇಳುವುದು ನಿಮ್ಮ ಹಕ್ಕು.

ಸಭೆಯ ಹಾಜರಿ, ನಡಾವಳಿ, ವಾರ್ಡ್ ಸಮಿತಿ ಸಭೆಗಳ ವಿವರಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇಲ್ಲಿ ಹಲವರು ಸೋಲುವುದು ಸಮಯದಲ್ಲಿ. ಉತ್ತರಕ್ಕೆ 30 ದಿನ ಅವಕಾಶ ಇದೆ, ಚುನಾವಣೆ ಘೋಷಣೆ ಆದ ಮೇಲೆ ಅಷ್ಟು ಸಮಯ ಎಲ್ಲಿರುತ್ತದೆ? ಮೀಸಲಾತಿ ಪಟ್ಟಿ ಬಂದ ಕೂಡಲೇ ಅರ್ಜಿ ಹೋಗಬೇಕು.

## ಹಂತ 8: ಅಭ್ಯರ್ಥಿಯನ್ನೇ ಕೇಳಿ

ಮನೆ ಬಾಗಿಲಿಗೆ ಕೈ ಮುಗಿದು ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ, ದಾಖಲೆ ಹಿಡಿದು. 'ಅಣ್ಣ, ನಿಮ್ಮ ಅಫಿಡವಿಟ್‌ನಲ್ಲಿ ಈ ಸೈಟ್ ಇಲ್ಲವಲ್ಲ, ಇಸಿಯಲ್ಲಿ ನಿಮ್ಮ ಹೆಸರಲ್ಲಿದೆ. ಮಾರಿದ್ರಾ?' ಸರಿಯಾದ ಉತ್ತರ ಇರುವವರು ಅಲ್ಲೇ ಹೇಳುತ್ತಾರೆ, ಎಷ್ಟೋ ಸಲ ನಿಮ್ಮ ತಪ್ಪೇ ಗೊತ್ತಾಗುತ್ತದೆ. 'ಅದೆಲ್ಲ ವಿರೋಧಿಗಳ ಕುತಂತ್ರ' ಅಂತ ಮಾತು ತೇಲಿಸಿದರೆ ಅದನ್ನೂ ಹಾಗೆಯೇ ಬರೆದುಕೊಳ್ಳಿ. ಜತೆಗಿರುವ ಹುಡುಗರು ನಿಮ್ಮ ಮನೆ ನಂಬರ್ ಕೇಳಲು ಶುರು ಮಾಡಿದರೆ ವಾದಕ್ಕೆ ನಿಲ್ಲಬೇಡಿ. ನಗುತ್ತಾ ಕಳಿಸಿ.

## ಹಂತ 9: ಹಂಚುವ ಮುಂಚೆ

ಚುನಾವಣೆ ಹೊತ್ತಲ್ಲಿ ಅಭ್ಯರ್ಥಿಯ ನಡತೆ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಪ್ರಕಾರ ಅಪರಾಧ. ಮಾನನಷ್ಟ ಬೇರೆ. ಆದ್ದರಿಂದ ವಿಶೇಷಣ ಬೇಡ. ಕೇಸ್ ನಂಬರ್ ಇದು, ಕೋರ್ಟ್ ಇದು, ಸೆಕ್ಷನ್ ಇದು, ಇಂಥ ದಿನ ನೋಡಿದಾಗ ಸ್ಥಿತಿ ಇದು. ಅಷ್ಟು ಬರೆಯಿರಿ. 'ಕಳ್ಳ', 'ಭೂಗಳ್ಳ' ಅನ್ನುವ ಪದ ಬಂದರೆ ನಿಮ್ಮ ಶ್ರಮವೆಲ್ಲ ನೀರಲ್ಲಿ ಹೋಮ. ಮನೆ ವಿಳಾಸ, ಫೋನ್, ಪ್ಯಾನ್ ನಂಬರ್, ಮಕ್ಕಳ ಹೆಸರು ಮುಚ್ಚಿ. ಎಲ್ಲ ಅಭ್ಯರ್ಥಿಗಳದ್ದೂ ಒಂದೇ ನಮೂನೆಯಲ್ಲಿ ಹಾಕಿ. ಒಬ್ಬನದೇ ಹಾಕಿದರೆ ಇನ್ನೊಬ್ಬನ ಪರ ಪ್ರಚಾರ ಅಂತಾಗುತ್ತದೆ.

ಅಫಿಡವಿಟ್ ಸುಳ್ಳು ಅಂತ ಗಟ್ಟಿ ದಾಖಲೆ ಸಿಕ್ಕಿದರೆ ಚುನಾವಣಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದರೆ ನಾಮಪತ್ರ ಪರಿಶೀಲನೆಯಲ್ಲಿ ಅವರು ಆಸ್ತಿ ನಿಜವೋ ಸುಳ್ಳೋ ಅಂತ ತನಿಖೆ ಮಾಡಲು ಕೂರುವುದಿಲ್ಲ. ಅದಕ್ಕೆ ಜಾಗ ಚುನಾವಣಾ ತಕರಾರು ಅರ್ಜಿ. ಗೆದ್ದವರ ಫಲಿತಾಂಶ ಪ್ರಕಟವಾದ ಮೇಲೆ ಕೋರ್ಟಿನಲ್ಲಿ ಹಾಕಬೇಕು, ಗಡುವು ತೀರಾ ಚಿಕ್ಕದು. ಫಲಿತಾಂಶದ ವಾರವೇ ವಕೀಲರನ್ನು ಕಾಣಿ. ಅಫಿಡವಿಟ್‌ನ ದೃಢೀಕೃತ ಪ್ರತಿ, ಇಸಿ, ಪಹಣಿ ಮೂರೂ ಆಗಲೇ ಕೈಲಿರಲಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ಹಿಡಿದು ಹೋದರೆ ವಕೀಲರು ಮೊದಲು ಕಳಿಸುವುದು ದೃಢೀಕೃತ ಪ್ರತಿ ಕೊಡುವ ನಕಲು ಶಾಖೆಗೇ.